‘ಕುಲಾಂತರಿ’ ಎಂಬ ಪದವೂ ನೇರಳೆ ಬಣ್ಣದ ಟೊಮೆಟೊವೂ

ಬೇರೆ ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸೇರಿಸಿ ರೂಪಿಸಿದ ಬೆಳೆಯನ್ನು ಕನ್ನಡದಲ್ಲಿ ‘ಕುಲಾಂತರಿ’ ಎನ್ನುತ್ತೇವೆ. ಹತ್ತಿಯ ಮಾರುಕಟ್ಟೆಗೆ ಹೆಸರಾದ ಆದೋನಿಯ ಸುತ್ತ, ನಮ್ಮ ಮಾಧವರಂನಂತಹ ಊರುಗಳಲ್ಲಿ, ಇದು ಹೊಸ ವಿಷಯವಲ್ಲ, ಬಿ.ಟಿ. ಹತ್ತಿಗೆ ಭಾರತದಲ್ಲಿ ಅನುಮತಿ ದೊರೆತದ್ದು 2002ರಲ್ಲಿ. ಆದರೆ ‘ಕುಲ’ ನಮ್ಮಲ್ಲಿ ಭಾರವಾದ ಮಾತು. ‘ಕುಲಾಂತರಿ’ ಎಂದೊಡನೆ ಕುಲಗೆಟ್ಟದ್ದೆಂಬ ಧ್ವನಿ ತಾನಾಗಿಯೇ ಹೊರಡುತ್ತದೆ. ಈ ಧ್ವನಿ ಎಲ್ಲೆಡೆಯೂ ಸಲ್ಲುವುದೇ?

ನೇರಳೆ ಹಣ್ಣಿಗೂ ಬದನೆಯ ಸಿಪ್ಪೆಗೂ ಬಣ್ಣ ಕೊಡುವುದು ಆಂಥೊಸಯಾನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ವಂಶವಾಹಿಗಳು ಟೊಮೆಟೊವಿನಲ್ಲೂ ಇವೆ; ಎಲೆ, ಕಾಂಡಗಳಲ್ಲಿ ಕೆಲಸ ಮಾಡುವ ಅವು ಹಣ್ಣಿನಲ್ಲಿ ಮಾತ್ರ ಸುಪ್ತವಾಗಿರುತ್ತವೆ. ಇಂಗ್ಲೆಂಡಿನ ಜಾನ್ ಇನ್ನಿಸ್ ಕೇಂದ್ರದ ಕ್ಯಾಥಿ ಮಾರ್ಟಿನ್ ಮತ್ತು ಸಂಗಡಿಗರು ಸ್ನ್ಯಾಪ್‌ಡ್ರ್ಯಾಗನ್ ಎಂಬ ಹೂಗಿಡದಿಂದ ಎರಡು ವಂಶವಾಹಿಗಳನ್ನು ತಂದು ಟೊಮೆಟೊವಿಗೆ ಸೇರಿಸಿದರು. ಇವು ತಾವೇ ಬಣ್ಣ ತಯಾರಿಸುವುದಿಲ್ಲ. ಹಣ್ಣು ಮಾಗುವಾಗ, ಮಲಗಿರುವ ಟೊಮೆಟೊವಿನ ವಂಶವಾಹಿಗಳನ್ನೇ ಎಬ್ಬಿಸುತ್ತವೆ. ತಿರುಳಿನವರೆಗೂ ನೇರಳೆಯಾದ ಆ ಹಣ್ಣಿನ ವಿವರ ಪ್ರಕಟವಾದದ್ದು 2008ರಲ್ಲಿ. ಅದನ್ನು ಬೆರೆಸಿದ ಆಹಾರ ತಿಂದ, ಅರ್ಬುದಕ್ಕೆ ಬೇಗ ತುತ್ತಾಗುವ ತಳಿಯ ಇಲಿಗಳ ಸರಾಸರಿ ಆಯುಸ್ಸು 142 ದಿನಗಳಿಂದ 182ಕ್ಕೆ ಏರಿತು. ಇಲಿಗಳ ವಿಷಯವಿದು, ಮನುಷ್ಯರದಲ್ಲ. ಆಂಥೊಸಯಾನಿನ್ನಿಗಾಗಿ ನೇರಳೆ ಹಣ್ಣು ತಿಂದರೂ ಆದೀತು.

ನಮ್ಮ ಸೀಮೆಗೆ ಹೆಚ್ಚು ಹತ್ತಿರದ್ದು 2013ರಲ್ಲಿ ಪ್ರಕಟವಾದ ಫಲಿತಾಂಶ: ಈ ಹಣ್ಣು ಕೆಡದೆ ಉಳಿಯುವ ಕಾಲ ಕೆಂಪು ಹಣ್ಣಿನದಕ್ಕಿಂತ ಸುಮಾರು ಇಮ್ಮಡಿ. ಬೆಲೆ ಕುಸಿದಾಗ ಪತ್ತಿಕೊಂಡದ ರೈತರು ಟೊಮೆಟೊವನ್ನು ರಸ್ತೆಗೆ ಸುರಿಯುವುದನ್ನು ಬಲ್ಲವರಿಗೆ ಇದರ ಬೆಲೆ ಹೇಳಬೇಕಿಲ್ಲ. ಆದರೂ ಬೀಜ ಯಾರ ಕೈಯಲ್ಲಿರುತ್ತದೆಂಬ ಪ್ರಶ್ನೆ ಉಳಿಯುತ್ತದೆ. ಸಂಕರ ತಳಿಯಾದ ಬಿ.ಟಿ. ಹತ್ತಿಯ ಬೀಜವನ್ನು ರೈತ ವರ್ಷವರ್ಷವೂ ಕೊಳ್ಳಬೇಕಾಗಿದೆ. ಅಮೆರಿಕದಲ್ಲಿ ನೇರಳೆ ಟೊಮೆಟೊವಿನ ಬೀಜ 2024ರಿಂದ ಮನೆತೋಟದವರಿಗೆ ಸಿಗುತ್ತಿದೆ, ಭಾರತದಲ್ಲಿ ಬಿ.ಟಿ. ಬದನೆಯೇ 2010ರ ಫೆಬ್ರುವರಿಯಲ್ಲಿ ತಡೆಗೆ ಒಳಗಾಯಿತು.

ಪದದ ಮಾತಿಗೆ ಮರಳಿದರೆ, ಬಿ.ಟಿ. ಹತ್ತಿಯಲ್ಲಿ ಬ್ಯಾಕ್ಟೀರಿಯಾದ ವಂಶವಾಹಿ ಹುಳುವಿಗೆ ವಿಷವಾಗುವ ಪ್ರೋಟೀನನ್ನು ತಯಾರಿಸುತ್ತದೆ. ಟೊಮೆಟೊವಿನಲ್ಲಿ ಪರಕೀಯ ವಂಶವಾಹಿ ಮನೆಯವರನ್ನು ಎಬ್ಬಿಸುತ್ತದೆ, ಅಷ್ಟೆ. ಆಸ್ಟ್ರೇಲಿಯಾದ ಜೇಮ್ಸ್ ಡೇಲ್ ತಂಡವಂತೂ ‘ಎ’ ಜೀವಸತ್ವದ ಮೂಲದ್ರವ್ಯವನ್ನು ಹೆಚ್ಚಿಸಲು ಪಪುವಾ ನ್ಯೂಗಿನಿಯ ಬಾಳೆಯ ವಂಶವಾಹಿಯನ್ನು ಮತ್ತೊಂದು ಬಾಳೆಗೆ ಸೇರಿಸಿತು. ಬಾಳೆಯಿಂದ ಬಾಳೆಗೆ ಹೋದ ಅದಕ್ಕೂ ನಮ್ಮಲ್ಲಿರುವ ಹೆಸರು ‘ಕುಲಾಂತರಿ’ಯೇ.