ಪಟ್ಟಿಯಿಲ್ಲದವರ ಊರು ಯಾವುದು?

‘ನಮ್ಮ ಹಿರಿಯರು ಕೊಟ್ಟೂರು ಕಡೆಯವರಂತೆ’ ಎನ್ನುವ ಮನೆಗಳುಂಟು. ಯಾವ ಹಳ್ಳಿ ಎಂದರೆ ಉತ್ತರವಿಲ್ಲ. ಅಮೆರಿಕಕ್ಕೆ ವಲಸೆ ಹೋದ ಐರಿಷ್ ಜನರ ವಂಶಜರು ಹಡಗಿನ ಪ್ರಯಾಣಿಕರ ಪಟ್ಟಿ ಸಿಗದಿದ್ದರೆ ಚರ್ಚಿನ ದಾಖಲೆ ಹುಡುಕುತ್ತಾರೆ. ಕಾಲ್ನಡಿಗೆಯಲ್ಲಿ ಊರು ಬಿಟ್ಟ ನಮ್ಮವರಿಗೆ ಪಟ್ಟಿಯೇ ಇರಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜನ ಚದುರಿದ್ದಕ್ಕೆ ಎರಡು ದೊಡ್ಡ ಕಾರಣಗಳಿವೆ: 1876-78ರ ಧಾತು-ಈಶ್ವರ ಸಂವತ್ಸರಗಳ ಬರ ಮತ್ತು 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯ. ನಾರಾಯಣದೇವರಕೆರೆಯಂಥ ಊರುಗಳು ಮುಳುಗಿ, ಜನ ಮರಿಯಮ್ಮನಹಳ್ಳಿ ಮೊದಲಾದೆಡೆ ನೆಲೆಸಿದರು.

ಇಂಥವರಿಗೆ ಮೊದಲ ಆಸರೆ ಹೆಳವರು. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಒಕ್ಕಲು ಮನೆಗಳ ವಂಶಾವಳಿಯನ್ನು ತಲೆಮಾರುಗಳವರೆಗೆ ಹೇಳಿ, ಕಾಳು ಪಡೆಯುವುದು ಇವರ ಕುಲವೃತ್ತಿ. ಯಾರು ಎಲ್ಲಿಂದ ಬಂದರೆಂಬುದೂ ಆ ಹೇಳಿಕೆಯಲ್ಲಿರುತ್ತದೆ.

ಎರಡನೆಯದು ಮನೆದೇವರು. ಹಡಗಲಿ ತಾಲ್ಲೂಕಿನ ಮೈಲಾರಲಿಂಗ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗೆಮ್ಮ, ಕೊಟ್ಟೂರಿನ ಗುರುಬಸವೇಶ್ವರ ಊರು ಬಿಟ್ಟವರ ಜೊತೆಗೇ ಹೋದರು. ಆದರೆ ಎಚ್ಚರ: ಮೈಲಾರನ ಒಕ್ಕಲೆಲ್ಲ ಮೈಲಾರದವರಲ್ಲ. ಮನೆದೇವರು ದಿಕ್ಕು ತೋರಿಸಬಹುದು, ಹಳ್ಳಿಯನ್ನಲ್ಲ.

ಮೂರನೆಯದು ಕಾಗದ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದರಾಸಿನ ಆಡಳಿತದಲ್ಲಿತ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹಳೆಯ ಭೂದಾಖಲೆ ಹುಡುಕುವವರು ಮೊದಲು ಈ ಬದಲಾವಣೆಯ ಜಾಡು ಹಿಡಿಯಬೇಕು.

ಮೂರರಲ್ಲಿ ಎರಡಾದರೂ ಒಂದೇ ಊರನ್ನು ಹೇಳಿದರೆ ನಂಬಬಹುದು. ಮುಂದಿನ ಬಾರಿ ಹೆಳವರು ಬಾಗಿಲಿಗೆ ಬಂದಾಗ ಜೋಳ ಕೊಟ್ಟು ಸಾಗಹಾಕಬೇಡಿ. ಕೂರಿಸಿ, ಹೇಳಿಸಿ, ಬರೆದಿಟ್ಟುಕೊಳ್ಳಿ.