ಬರದ ಬಗ್ಗೆ ಪ್ರಶ್ನೆ ಕೇಳಲು ಬಂದಾಗ



ಹಿಂದೆ ಕೋಗಳಿ ಐನೂರು ಎನಿಸಿದ್ದ ನಮ್ಮ ಸೀಮೆಗೆ, ಅಂದರೆ ಈಗಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಕಡೆಗೆ, ಬರ ಹೊಸದಲ್ಲ. 1876ರಲ್ಲಿ ಹಿಡಿದ ಧಾತು, ಈಶ್ವರ ಸಂವತ್ಸರಗಳ ಬರ ಬಳ್ಳಾರಿ ಸೀಮೆಯನ್ನು ಹಣ್ಣು ಮಾಡಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ಕಡೆ ಪ್ರಶ್ನಾವಳಿ ಹಿಡಿದು ಸಮೀಕ್ಷೆಯವರು ಮನೆಗೆ ಬರುವುದುಂಟು. ಮಳೆಯ ಲೆಕ್ಕ ಕಚೇರಿಯಲ್ಲೇ ಇರುವಾಗ ನಮ್ಮನ್ನೇಕೆ ಕೇಳಬೇಕು ಎಂಬ ಪ್ರಶ್ನೆ ಸಹಜ.

ಮಳೆಮಾಪಕ ಅಳೆಯುವುದು ಮಳೆಯನ್ನು ಮಾತ್ರ. ಮತ್ತೆ ಬರ ಬರುತ್ತದೆಂದು ರೈತ ನಂಬಿದ್ದಾನೆಯೇ, ನಂಬಿ ಮೇವು ಕೂಡಿಟ್ಟಿದ್ದಾನೆಯೇ ಎಂಬುದು ಅವನನ್ನು ಕೇಳಿದರೆ ಮಾತ್ರ ತಿಳಿಯುತ್ತದೆ. ಇದಕ್ಕೆ ಜನರ ಗ್ರಹಿಕೆಯ ಅಧ್ಯಯನ ಎನ್ನುತ್ತಾರೆ. ಅಮೆರಿಕದ ಭೂಗೋಳ ಶಾಸ್ತ್ರಜ್ಞ ಥಾಮಸ್ ಸಾರಿನೆನ್ ಅಲ್ಲಿಯ ಒಣ ಬಯಲಿನ ಗೋಧಿ ಬೆಳೆಗಾರರನ್ನು ಹೀಗೆ ಪ್ರಶ್ನಿಸಿ 1966ರಲ್ಲಿ ವರದಿ ಪ್ರಕಟಿಸಿದರು. ಬರ ನಿಜವಾಗಿ ಬಂದದ್ದಕ್ಕಿಂತ ಕಡಿಮೆ ಸಲ ಬಂದಿದೆ ಎಂದೇ ರೈತರು ಎಣಿಸಿದ್ದರು. ಹೆಚ್ಚು ಒಣ ಪ್ರದೇಶದವರ ಅಂದಾಜು ಮಾತ್ರ ದಾಖಲೆಗೆ ಹತ್ತಿರವಿತ್ತು. ನಮ್ಮಲ್ಲಿಯೂ ಎರಡು ಮಳೆಗಾಲ ಚೆನ್ನಾಗಿ ಆದರೆ ಬಣವೆ ಸಣ್ಣದಾಗುವುದನ್ನು ಕಾಣುತ್ತೇವೆ. ಆಮೇಲೆ ಮಳೆ ಕೈಕೊಟ್ಟಾಗ ದುಬಾರಿ ಬೆಲೆಗೆ ಮೇವು ಕೊಳ್ಳಬೇಕು, ಇಲ್ಲವೇ ಕರೆಯುವ ಎಮ್ಮೆಯನ್ನೇ ಸಂತೆಗೆ ಹೊಡೆಯಬೇಕು.

ಪ್ರಶ್ನೆ ಹೇಗಿದೆ ಎಂಬುದೂ ಮುಖ್ಯ. "ಕಳೆದ ಹತ್ತು ವರ್ಷದಲ್ಲಿ ಎಷ್ಟು ಸಲ ಬರ ಬಂತು?" ಎಂದರೆ ಒಬ್ಬರು ಬಿತ್ತನೆ ಕೆಟ್ಟ ವರ್ಷಗಳನ್ನು ಎಣಿಸುತ್ತಾರೆ, ಇನ್ನೊಬ್ಬರು ಬೋರು ಬತ್ತಿದ ಬೇಸಿಗೆಗಳನ್ನು. ಎರಡೂ ಒಂದೇ ವರ್ಷ ಆಗಲೇಬೇಕೆಂದಿಲ್ಲ. ಮುಂಗಾರು ಸೋತರೂ ಬೋರು ಮರುಬೇಸಿಗೆಗೆ ಬತ್ತಬಹುದು. "ಒಣಮೇವು ಯಾವ ತಿಂಗಳಿಗೆ ಮುಗಿಯಿತು? ಎಷ್ಟು ರಾಸು ಮಾರಿದಿರಿ?" ಎಂದು ಬಿಡಿಸಿ ಕೇಳಿದರೆ ಉತ್ತರ ಗಟ್ಟಿಯಾಗುತ್ತದೆ. "ಸರ್ಕಾರ ನೆರವು ಕೊಡಬೇಕಲ್ಲವೇ?" ಎಂಬಂಥದು ಪ್ರಶ್ನೆಯೇ ಅಲ್ಲ, ಅದಕ್ಕೆ ಹೌದೆನ್ನದವರು ಯಾರು?

ಬಹಳ ಕಡೆ ಉತ್ತರ ಹೇಳುವವರು ಮನೆಯ ಯಜಮಾನರು, ದನಕ್ಕೆ ನೀರು ಮೇವು ನೋಡುವವರು ಹೆಣ್ಣುಮಕ್ಕಳು. ಅವರನ್ನೂ ಕೂರಿಸಿ ಕೇಳುವಂತೆ ತಾವೇ ಹೇಳಬೇಕು.

ಇನ್ನೊಂದು ಮಾತು. ಅಧ್ಯಯನದ ಪ್ರಶ್ನಾವಳಿ ಪರಿಹಾರದ ಅರ್ಜಿಯಲ್ಲ. ಪ್ರಕೃತಿ ವಿಕೋಪದಲ್ಲಿ ಹಸು ಎಮ್ಮೆ ಸತ್ತರೆ ಕೇಂದ್ರದ 2022ರ ಮಾರ್ಗಸೂಚಿಯಂತೆ ರೂ. 37,500 ದರ ನಿಗದಿಯಾಗಿತ್ತು, ಅದಕ್ಕೆ ಪಶುವೈದ್ಯರ ದೃಢೀಕರಣ ಬೇಕು, ದಾರಿಯೇ ಬೇರೆ. ಹಣ ಬಂದೀತೆಂದು ಇಲ್ಲಿ ಒಂದಕ್ಕೆ ಎರಡು ಬರೆಸಿದರೆ ಹಣವೂ ಬಾರದು, ಊರಿಗೆ ಎಷ್ಟು ಮೇವು ಬೇಕೆಂಬ ಅಂದಾಜೂ ಕೆಡುತ್ತದೆ.

ಸಹಿ ಹಾಕುವ ಮೊದಲು ಬರೆದದ್ದನ್ನು ಓದಿಸಿ ಕೇಳಿ. ನೆನಪಿಲ್ಲದ್ದಕ್ಕೆ "ಗೊತ್ತಿಲ್ಲ" ಎಂದೇ ಬರೆಸಿರಿ; ಲೆಕ್ಕ ಹಾಕುವವರಿಗೆ ಅದೂ ಒಂದು ಉತ್ತರವೇ.