ಸರ್ಟಿಫಿಕೇಟ್ ಕೈಗೆ ಬಂತು, ಕಸುಬು ಕೈಗೆ ಬಂತಾ?

ನಮ್ಮ ಮನೆಯ ಟ್ರಂಕಿನಲ್ಲಿ ಅಕ್ಕನ ಒಂದು ಸರ್ಟಿಫಿಕೇಟ್ ಇದೆ. ಮೂರು ತಿಂಗಳ ಟೈಲರಿಂಗ್ ತರಬೇತಿ ಮುಗಿಸಿದ್ದಕ್ಕೆ ಕೊಟ್ಟದ್ದು. ಕೊನೆಯ ದಿನ ವೇದಿಕೆ ಮೇಲೆ ನಿಲ್ಲಿಸಿ ಫೋಟೊ ತೆಗೆದರು, ಇನ್ನು ನೀವೆಲ್ಲ ಸ್ವಾವಲಂಬಿಗಳು ಅಂತ ಭಾಷಣ ಮಾಡಿದರು. ಮನೆಗೆ ಬಂದು ನೋಡಿದರೆ ಹೊಲಿಯಲು ಮಿಷನ್ ಇಲ್ಲ. ಕೊಳ್ಳಲು ದುಡ್ಡಿಲ್ಲ. ಸಾಲ ಕೇಳಲು ಹೋದರೆ ಜಾಮೀನು ಯಾರು ಅಂದರು. ಈಗ ಅಕ್ಕ ಬೆಳಗ್ಗೆ ಆರೂವರೆಗೆ ಗಾರ್ಮೆಂಟ್ಸ್ ವ್ಯಾನ್ ಹತ್ತುತ್ತಾಳೆ. ಅಲ್ಲಿ ಅವಳ ಕೆಲಸ ಹೊಲಿದ ಬಟ್ಟೆಯ ಉಳಿದ ದಾರ ಕತ್ತರಿಸುವುದು. ಅದಕ್ಕೆ ಮೂರು ತಿಂಗಳ ತರಬೇತಿ ಬೇಕಿರಲಿಲ್ಲ.

ಬಡವರ ಮಕ್ಕಳಿಗೆ ಕೈಕಸುಬು ಕಲಿಸಿದರೆ ಅವರು ತಮ್ಮ ಕಾಲ ಮೇಲೆ ನಿಲ್ಲುತ್ತಾರೆ ಅನ್ನುವ ಮಾತನ್ನು ಎಲ್ಲ ಪಕ್ಷಗಳೂ ಹೇಳುತ್ತವೆ. ಮಾತು ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧ ಏನು ಅಂತ ನನಗೆ ಅರ್ಥವಾಗಿದ್ದು ನಮ್ಮ ಜಿಲ್ಲೆಯ ಊರುಗಳಲ್ಲಿ ಓಡಾಡಿದ ಮೇಲೆ.

2007ರಲ್ಲಿ ಕೋಲಾರದಿಂದ ಬೇರೆಯಾದ ಜಿಲ್ಲೆ ಚಿಕ್ಕಬಳ್ಳಾಪುರ. ಉತ್ತರ ಪಿನಾಕಿನಿ ಹುಟ್ಟುವುದು ಇಲ್ಲೇ ಆದರೂ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. 2011ರ ಜನಗಣತಿ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 12.5 ಲಕ್ಷ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು. ತುಂಡು ಜಮೀನು, ಒಣಗಿದ ಬೋರ್‌ವೆಲ್, ಪಕ್ಕದಲ್ಲೇ ಬೆಂಗಳೂರು. ಹೀಗಿದ್ದಾಗ ‘ಕೌಶಲ’ ಅನ್ನೋ ಪದಕ್ಕೆ ಒಂದೊಂದು ಊರಲ್ಲಿ ಒಂದೊಂದು ಅರ್ಥ.

ಶಿಡ್ಲಘಟ್ಟ: ಕೌಶಲ ಇದೆ, ಕಾಗದ ಇಲ್ಲ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಊರೊಳಗೆ ಕಾಲಿಟ್ಟರೆ ಬೆಂದ ಗೂಡಿನ ವಾಸನೆ ಮೂಗಿಗೆ ಬಡಿಯುತ್ತೆ. ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ, ಎಂಟು ಹತ್ತು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಂದು ಗೂಡು ಮುಗಿಯುತ್ತಿದ್ದ ಹಾಗೇ ಇನ್ನೊಂದನ್ನು ಜೋಡಿಸದಿದ್ದರೆ ನೂಲು ಸಣ್ಣಗಾಗುತ್ತೆ, ಬೆಲೆ ಬೀಳುತ್ತೆ.

ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕಾಯಿತು ಅನ್ನುವುದೇ ಈ ಕಸುಬಿನ ಲೆಕ್ಕ. ಎಂಟು ಕೆಜಿ ಬೇಕಾದರೆ 100 ಕೆಜಿ ಗೂಡಿಗೆ ಹನ್ನೆರಡೂವರೆ ಕೆಜಿ ನೂಲು. ಅದೇ ಗೂಡನ್ನು ಪಳಗಿದ ಕೈ ಬಿಚ್ಚಿ ಏಳೂವರೆ ಕೆಜಿಯಲ್ಲೇ ಮುಗಿಸಿದರೆ ಸುಮಾರು 800 ಗ್ರಾಂ ಹೆಚ್ಚು. ರೇಷ್ಮೆ ನೂಲು ಕೆಜಿಗೆ ಸಾವಿರಗಟ್ಟಲೆ ಬೆಲೆ ಬಾಳುತ್ತೆ. ಈ 800 ಗ್ರಾಂ ಉಳಿಸಿದ್ದು ದಿನಗೂಲಿಯ ಕೈ, ಅದರ ಲಾಭ ಮಾತ್ರ ಆ ಕೈಗೆ ಸೇರಲ್ಲ. ಹತ್ತಿಪ್ಪತ್ತು ವರ್ಷ ನೂಲು ಬಿಚ್ಚಿದವರನ್ನೂ ಸರ್ಕಾರಿ ಭಾಷೆ ‘ಅಕುಶಲ’ರ ಸಾಲಿಗೇ ಸೇರಿಸಿಬಿಡುತ್ತೆ.

2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯನ್ನೇ ನೋಡಿ. ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15 ಸಾವಿರದವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ ಎಲ್ಲ ಇದೆ. ಆದರೆ ಪಟ್ಟಿಯಲ್ಲಿರುವ 18 ಕಸುಬುಗಳಲ್ಲಿ ರೇಷ್ಮೆ ನೂಲು ಬಿಚ್ಚುವವರು ಇಲ್ಲ. ಇವರಿಗೆ ಬೇಕಾದ್ದು ಹೊಸದಾಗಿ ಕಲಿಯುವುದಕ್ಕಿಂತ ಮೊದಲು, ಈಗಾಗಲೇ ಕಲಿತದ್ದಕ್ಕೆ ಮಾನ್ಯತೆ.

ಇನ್ನೊಂದು ಮಾತನ್ನೂ ಮರೆಯಬಾರದು. ‘ಕಸುಬು ಕಲೀತಾನೆ’ ಅನ್ನುವ ನೆಪದಲ್ಲೇ ರೇಷ್ಮೆ ಕೆಲಸಕ್ಕೆ ಮಕ್ಕಳನ್ನು ದೂಡಿದ ಇತಿಹಾಸ ನಮ್ಮದು. ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿಯನ್ನೇ ಪ್ರಕಟಿಸಿತ್ತು. ಶಾಲೆ ಬಿಡಿಸಿ ಕಲಿಸಿದ ಕಸುಬು ಸ್ವಾವಲಂಬನೆ ಅಲ್ಲ.

ಗೌರಿಬಿದನೂರು: ತರಬೇತಿ ಹೆಸರು, ಗುತ್ತಿಗೆ ಕೆಲಸ

ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕು ಇದು. ಹೊಸೂರಿನ ಬಡಮನೆಯ ಹುಡುಗ ಓದಿ ಕುಲಪತಿಯಾಗಿ, ತಿರುಗಿ ಬಂದು ಇಲ್ಲಿಯೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ಕಟ್ಟಿಸಿದರು. ಈಗ ಇದೇ ತಾಲ್ಲೂಕಿನ ಕುಡುಮಲಕುಂಟೆಯಲ್ಲಿ ಕೈಗಾರಿಕಾ ಪ್ರದೇಶ ಇದೆ. ಐಟಿಐ ಮುಗಿಸಿದ ಹುಡುಗರು ಅಲ್ಲಿಗೋ ದೊಡ್ಡಬಳ್ಳಾಪುರಕ್ಕೋ ರೈಲು, ಬಸ್ಸು ಹತ್ತುತ್ತಾರೆ.

ಇವರಿಗೆ ಗೊತ್ತಿರಲೇಬೇಕಾದ ಕಾನೂನು 1961ರ ಅಪ್ರೆಂಟಿಸ್ ಕಾಯ್ದೆ. ಇದರ 2019ರ ತಿದ್ದುಪಡಿ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ತನ್ನ ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಲಿಖಿತ ಒಪ್ಪಂದ ಇರಬೇಕು, ನಿಗದಿತ ಸ್ಟೈಪೆಂಡ್ ಕೊಡಬೇಕು. ನನ್ನ ಜೊತೆ ಓದಿದ ಫಿಟ್ಟರ್ ಒಬ್ಬ ಎರಡು ವರ್ಷ ‘ಟ್ರೈನಿ’ ಆಗಿದ್ದ. ಒಪ್ಪಂದದ ಪ್ರತಿ ಇಲ್ಲ, ಕಲಿಸುವ ಮೇಷ್ಟ್ರೂ ಇಲ್ಲ. ಎರಡು ವರ್ಷ ಪೆಟ್ಟಿಗೆ ಹೊತ್ತು ಹೊರಬಂದ. ‘ಫೈಲ್ ಹಿಡಿಯೋದು ಮರೆತೇ ಹೋಯ್ತು ಮಗಾ’ ಅಂತ ನಗ್ತಾನೆ. ಅವನು ಹೇಳಿದ್ದು ಫಿಟ್ಟರ್ ಹಿಡಿಯೋ ಅರ.

ಚಿಂತಾಮಣಿ: ಬೇಡಿಕೆ ಊರಲ್ಲೇ ಇದೆ

ಚಿಂತಾಮಣಿ ಕಡೆ ಟೊಮೆಟೊ, ಮಾವು, ಹಿಪ್ಪುನೇರಳೆ. ರೇಷ್ಮೆ ಕೃಷಿಗೆ ಅಂತಲೇ ಕಾಲೇಜು ಬಂದ ಊರು. ಇಲ್ಲಿನ ಹಳ್ಳಿಗಳಲ್ಲಿ ಮೋಟರ್ ಸುಟ್ಟರೆ ವೈಂಡಿಂಗ್ ಮಾಡುವವರಿಗೆ ಕಾಯಬೇಕು, ಡ್ರಿಪ್ ಪೈಪು ಕಟ್ಟಿಕೊಂಡರೆ ಸರಿಮಾಡುವವರು ಬೇಕು, ಹುಳು ಮನೆಗೆ ಚಾಕಿ ಹುಳು ಸಾಕಿ ಕೊಡುವವರು ಬೇಕು. ಅಂದರೆ ಕೆಲಸ ಇದೆ. ಆದರೆ ತರಬೇತಿ ಪಟ್ಟಿ ಬೇರೆಲ್ಲೋ ತಯಾರಾಗುತ್ತೆ. ಹಾಗಾಗಿ ಹುಡುಗಿಯರಿಗೆ ಟೈಲರಿಂಗ್, ಬ್ಯೂಟಿಷಿಯನ್. ಹುಡುಗರಿಗೆ ಬೇಸಿಕ್ ಕಂಪ್ಯೂಟರ್. ಒಂದೇ ಊರಲ್ಲಿ ನಲವತ್ತು ಜನ ಟೈಲರಿಂಗ್ ಕಲಿತರೆ ನಲವತ್ತು ಜನರ ಕೂಲಿಯೂ ಕುಸಿಯುತ್ತೆ.

ಯಾರ ಮಕ್ಕಳಿಗೆ ಯಾವ ಕಸುಬು?

ಅಸಲಿ ರಾಜಕೀಯ ಇರೋದು ಇಲ್ಲಿ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಸರ್ಕಾರ ಪ್ರಾಥಮಿಕ ಶಾಲೆ ಮಕ್ಕಳ ತರಗತಿ ಸಮಯ ಕಡಿಮೆ ಮಾಡಿ, ಉಳಿದ ಹೊತ್ತು ಮನೆಯ ಕಸುಬು ಕಲಿಯಲಿ ಅಂದಿತು. ಇದು ಕುಲಕಸುಬಿನ ಶಿಕ್ಷಣ ಅಂತ ಜನ ಬೀದಿಗಿಳಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಯೋಜನೆಯೂ ಹೋಯಿತು. ಕುಟುಂಬದ ಕಸುಬು ಅನ್ನುವ ಷರತ್ತನ್ನು ಮುಂದಿಟ್ಟು ತಮಿಳುನಾಡು 2024ರಲ್ಲಿ ವಿಶ್ವಕರ್ಮ ಯೋಜನೆಯನ್ನು ಒಪ್ಪಲಿಲ್ಲ.

ಹಾಗಂತ ಕೈಕೆಲಸವೇ ಕೀಳಾ? ಅಲ್ಲ. ಕೈಕೆಲಸ ಬಡವರ ಮಕ್ಕಳಿಗೆ ಮಾತ್ರ, ಲ್ಯಾಪ್‌ಟಾಪ್ ಉಳಿದವರಿಗೆ ಅನ್ನುವ ಹಂಚಿಕೆ ಕೀಳು. ಚಮ್ಮಾರನ ಮಗಳು ಎಲೆಕ್ಟ್ರಿಷಿಯನ್ ಆಗಬಹುದಾದರೆ, ಬೇಕೆಂದಾಗ ಮುಂದೆ ಡಿಪ್ಲೊಮಾಗೂ ಹೋಗಬಹುದಾದರೆ, ಅದು ನಿಜವಾದ ಕೌಶಲ ಶಿಕ್ಷಣ.

ಹಾಗಾದರೆ ಯಾವುದು ಕೆಲಸ ಮಾಡುತ್ತೆ?

ಉತ್ತರ ಕರ್ನಾಟಕದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಧರ್ಮಸ್ಥಳದ ಜೊತೆ ಸಿಂಡಿಕೇಟ್, ಕೆನರಾ ಬ್ಯಾಂಕುಗಳನ್ನೂ ಒಳಗೆ ತಂದಿತು. ಊಟ ವಸತಿ ಸಮೇತ ಉಚಿತ, ಚಿಕ್ಕ ಅವಧಿಯ ಕಲಿಕೆ, ಆಮೇಲೆ ಸಾಲಕ್ಕೆ ಕೊಂಡಿ, ಎರಡು ವರ್ಷ ಬೆನ್ನುಹತ್ತಿ ವಿಚಾರಿಸುವುದು. ಇದನ್ನೇ ಮಾದರಿ ಮಾಡಿಕೊಂಡು ಕೇಂದ್ರ ಸರ್ಕಾರ ಜಿಲ್ಲೆಗೊಂದು ಆರ್‌ಸೆಟಿ ಯೋಜನೆ ತಂದಿತು. ಇದರ ಗುಟ್ಟು ಸರಳ: ಕಲಿಸಿದವರ ಹೊಣೆ ಫೋಟೊ ತೆಗೆದ ದಿನ ಮುಗಿಯಲ್ಲ.

ರಾಜ್ಯದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತೆ, ಅದೂ ಎರಡು ವರ್ಷದವರೆಗೆ. ಅದು ಉಸಿರಾಡಲು ಜಾಗ ಕೊಡುತ್ತೆ, ನಿಜ. ಎಸ್ಸೆಸ್ಸೆಲ್ಸಿಗೇ ನಿಂತವರು ಮಾತ್ರ ಅದರ ಆಚೆಗೇ ಉಳಿಯುತ್ತಾರೆ.

ನಿಮ್ಮೂರಲ್ಲಿ ಯಾವುದೇ ತರಬೇತಿ ಶಿಬಿರ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಮುಗಿದ ಮೇಲೆ ಉಪಕರಣ ಕೊಡ್ತೀರಾ ಅಥವಾ ಸಾಲದ ಅರ್ಜಿ ನೀವೇ ಹಾಕಿಸ್ತೀರಾ? ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ ಜಾಮೀನಿಲ್ಲದ ಸಾಲ ಇದೆ. ಈ ಕೆಲಸಕ್ಕೆ ಸುತ್ತಲ ಹತ್ತು ಊರಲ್ಲಿ ಗಿರಾಕಿ ಇದ್ದಾರಾ? ಹೋದ ವರ್ಷ ಕಲಿತವರು ಈಗ ಏನು ಮಾಡ್ತಿದಾರೆ, ಪಟ್ಟಿ ತೋರಿಸ್ತೀರಾ? ಒಂದು ವರ್ಷ ಬಿಟ್ಟು ನಮ್ಮನ್ನು ಯಾರು ಕೇಳ್ತಾರೆ? ಸರ್ಕಾರಿ ದುಡ್ಡಿನ ತರಬೇತಿಯಾದರೆ ಈ ಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು.

ಅಕ್ಕನಿಗೆ ಈ ಜಾಮೀನಿಲ್ಲದ ಸಾಲದ ವಿಷಯ ಆಗ ಯಾರೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಮುಂದಿನ ವಾರ ಅವಳಿಗೆ ರಜೆ ಇರುವ ದಿನ ಇಬ್ಬರೂ ಬ್ಯಾಂಕಿಗೆ ಹೋಗುತ್ತಿದ್ದೇವೆ. ಟ್ರಂಕಿನಿಂದ ಸರ್ಟಿಫಿಕೇಟ್ ತೆಗೆದಿಟ್ಟಿದ್ದೇನೆ.